ಷಡ್ಡಕರಿಗೆ ಚೀನಾ ಊಟ

ಎಲ್ಲ ಪೇಚಾಟಕ್ಕೂ ಮೂಲ, ತಂಪನ್ನು ಹದದಲ್ಲಿಡುವ ಹೆಬ್ಬೆರಳು ಗಾತ್ರದ ಒಂದು ಥರ್ಮೋಸ್ಟಾಟ್. ಗುರುವಾರ ಮಧ್ಯಾಹ್ನ ಬೀದಿ ಕೊನೆಯ ಚೀನಾ ಹೋಟೆಲಿನ ಫ್ರೀಜರಿನಲ್ಲಿ ಅದು ಕೈಕೊಟ್ಟಿತು, ಫ್ರಿಜ್ಜಣ್ಣನಿಗೆ ಕರೆ ಬಂತು. ಇಪ್ಪತ್ತು ವರ್ಷದಿಂದ ಆ ಬೀದಿಯ ಫ್ರಿಜ್ಜುಗಳ ಹೊಟ್ಟೆನೋವು, ಕೆಮ್ಮು, ನಡುಕ ಎಲ್ಲವನ್ನೂ ವಾಸಿ ಮಾಡಿಕೊಂಡು ಬಂದವನನ್ನು ಜನ ಕರೆಯುತ್ತಿದ್ದದ್ದೇ ಹಾಗೆ. ಹೆತ್ತವರು ಇಟ್ಟ ಹೆಸರು ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದಿತ್ತು.

ಆ ಹೋಟೆಲಿಗೆ ಅವನು ಮುಂಬಾಗಿಲಿನಿಂದ ಎಷ್ಟೋ ಸಲ ಹೋಗಿದ್ದ. ಹಿಂಬಾಗಿಲಿನಿಂದ ಹೋದದ್ದು ಅದೇ ಮೊದಲು. ಮುಂದೆ ಸಿಗುತ್ತಿದ್ದದ್ದು ಕಿತ್ತಳೆ ಬಣ್ಣದ ಸಿಹಿ ಪಾಕದಲ್ಲಿ ಮುಳುಗಿಸಿದ ಕೋಳಿ, ಗರಿಗರಿ ಕರಿದ ನೂಡಲ್ಸ್, ಅಂಟಿನಂಥ ಜೋಳದ ಸೂಪು, ಕೊನೆಗೆ ಹೊಟ್ಟೆಯೊಳಗೆ ಭವಿಷ್ಯದ ಚೀಟಿ ಅಡಗಿಸಿಕೊಂಡ ಬಿಸ್ಕತ್ತು. ಚೀನಾದ ಜನ ದಿನವೂ ಇದನ್ನೇ ತಿಂದು, ಚೀಟಿ ಓದಿಕೊಂಡು, ಮಲಗುತ್ತಾರೆ ಅಂತಲೇ ಅವನು ನಂಬಿದ್ದ.

ಫ್ರೀಜರ್ ಮತ್ತೆ ಗುಂಯ್‌ಗುಡುವ ಹೊತ್ತಿಗೆ ಗಂಟೆ ಮೂರೂವರೆ. ಮಧ್ಯಾಹ್ನದ ಗಿರಾಕಿಗಳು ಹೋಗಿ ಶಟರ್ ಅರ್ಧ ಇಳಿದಿತ್ತು. ಅಡುಗೆಮನೆಯ ಮೂಲೆಯ ದುಂಡು ಮೇಜಿನ ಸುತ್ತ ಹೋಟೆಲಿನವರು ತಮ್ಮ ಊಟಕ್ಕೆ ಕೂತರು: ಯಜಮಾನಿಯಾದ ಅಜ್ಜಿ, ಒಲೆ ನೋಡಿಕೊಳ್ಳುವ ಮಗ, ಗಲ್ಲಾದಲ್ಲಿ ಕೂರುವ ಸೊಸೆ, ಇಬ್ಬರು ಕೆಲಸದವರು. ಅಜ್ಜಿ ಒಂದು ಸ್ಟೂಲನ್ನು ಕಾಲಲ್ಲೇ ಅವನತ್ತ ತಳ್ಳಿ, ಕೂತ್ಕೋ ಅನ್ನುವಂತೆ ಗದ್ದ ಆಡಿಸಿದಳು.

ಮೇಜಿನ ಮೇಲೆ ಕಿತ್ತಳೆ ಬಣ್ಣದ್ದು ಒಂದೂ ಇರಲಿಲ್ಲ. ತಲೆ ಬಾಲ ಸಮೇತ ಹಬೆಯಲ್ಲಿ ಬೆಂದ ಇಡೀ ಮೀನು ಮಲಗಿತ್ತು, ಮೈಮೇಲೆ ನೂಲಿನಷ್ಟು ತೆಳ್ಳಗೆ ಹೆಚ್ಚಿದ ಶುಂಠಿ ಮತ್ತು ಈರುಳ್ಳಿ ಎಲೆ. ಮಗ ಅದರ ಮೇಲೆ ಸುಡುವ ಎಣ್ಣೆ ಹೊಯ್ದಾಗ ಚುಂಯ್ ಅಂದು ಎದ್ದ ಘಮಕ್ಕೆ ಫ್ರಿಜ್ಜಣ್ಣ ಸ್ಪ್ಯಾನರ್ ಕೆಳಗಿಟ್ಟ. ಬೆಳ್ಳುಳ್ಳಿ ಹಾಕಿ ಜಜ್ಜಿದ ಸೌತೆಕಾಯಿ ಇತ್ತು, ಟೊಮೆಟೊ ಜೊತೆ ಕದಡಿದ ಮೊಟ್ಟೆ ಇತ್ತು, ಕೆಂಪು ಎಣ್ಣೆಯಲ್ಲಿ ತೇಲುವ ತೋಫು ಇತ್ತು. ಸೋಯಾ ಹಾಲು ಒಡೆಸಿ ಮಾಡಿದ ಆ ಬಿಳಿ ತುಂಡು ಬಾಯಲ್ಲಿ ಕರಗಿತು. ಮೊದಲು ಖಾರ, ಆಮೇಲೆ ಯಾವುದೋ ಮೆಣಸಿನಿಂದ ತುಟಿ, ನಾಲಿಗೆ ಎಲ್ಲ ಜುಮ್ಮೆಂದಿತು. ಚಾರ್ಜು ಇದೆಯೋ ಇಲ್ಲವೋ ಅಂತ ಬ್ಯಾಟರಿಗೆ ನಾಲಿಗೆ ಮುಟ್ಟಿಸಿ ನೋಡುವ ಚಾಳಿ ಅವನಿಗೆ ಮೊದಲಿನಿಂದಲೂ ಇತ್ತು. ಇದೂ ಹಾಗೇ, ಆದರೆ ಈ ಬ್ಯಾಟರಿಯನ್ನು ಮತ್ತೆ ಮತ್ತೆ ನೆಕ್ಕಬೇಕು ಅನ್ನಿಸಿತು.

"ಇದೆಲ್ಲ ಮೆನುನಲ್ಲಿ ಯಾಕಿಲ್ಲಮ್ಮ?" ಅಂತ ಸೊಸೆಯನ್ನು ಕೇಳಿದ.

"ಇತ್ತು ಒಂದ್ ಕಾಲದಲ್ಲಿ. ತಲೆ ಸಮೇತ ಮೀನು ತಂದಿಟ್ರೆ ಗಿರಾಕಿಗಳು ಎದ್ದು ಹೋಗೋರು. ನಮ್ಮತ್ತೆ ಒಂದ್ ವರ್ಷ ನೋಡಿದ್ರು. ಆಮೇಲೆ ಸಕ್ಕರೆ ಡಬ್ಬ ತೆಗೆದ್ರು," ಅಂದಳು ಅವಳು.

ಫ್ರಿಜ್ಜಣ್ಣ ಮನೆಗೆ ಬಂದವನು ತೇಲುತ್ತಾ ಬಂದ. ಇಷ್ಟಕ್ಕೇ ನಿಂತಿದ್ದರೆ ಕತೆ ಇರುತ್ತಿರಲಿಲ್ಲ. ಆದರೆ ಅವನಿಗೊಬ್ಬರು ಷಡ್ಡಕರು ಇದ್ದರು.

ಹೆಂಡತಿಯ ಅಕ್ಕನ ಗಂಡ. ನಲ್ಲಿ, ಪೈಪುಗಳ ಸಗಟು ವ್ಯಾಪಾರಿ. ಹನ್ನೊಂದು ವರ್ಷದ ಹಿಂದೆ ನಲ್ಲಿಗಳ ದೊಡ್ಡ ಪ್ರದರ್ಶನವೊಂದಕ್ಕೆ ಅಂತ ಎಂಟು ದಿನ ಚೀನಾಕ್ಕೆ ಹೋಗಿ ಬಂದಿದ್ದರು. ಆ ಎಂಟು ದಿನ ಹನ್ನೊಂದು ವರ್ಷವಾದರೂ ಮುಗಿದಿರಲಿಲ್ಲ. ಯಾರ ಮನೆಯಲ್ಲಿ ಊಟಕ್ಕೆ ಕೂತರೂ ಮೊದಲ ತುತ್ತಿಗೇ ನಿಟ್ಟುಸಿರು ಬಿಟ್ಟು, "ಊಟ ಅಂದ್ರೆ ಅಲ್ಲಿ ಮಾಡ್ಬೇಕಪ್ಪ," ಅನ್ನುತ್ತಿದ್ದರು. ಏನು ಊಟ, ಹೇಗಿರುತ್ತೆ ಅಂತ ಕೇಳಿದರೆ ಕಣ್ಣು ಮುಚ್ಚಿ, "ಅದನ್ನ ಬಾಯಲ್ಲಿ ಹೇಳೋಕಾಗಲ್ಲ," ಅಂದು ತಲೆ ಆಡಿಸುತ್ತಿದ್ದರು. ಫ್ರಿಜ್ಜಣ್ಣನ ಹೆಂಡತಿ ಬಾಯಿ ಬಿಟ್ಟುಕೊಂಡು ಕೇಳುವಳು. "ಭಾವ ಅಂದ್ರೆ ಪ್ರಪಂಚ ಸುತ್ತಿದ ಮನುಷ್ಯ. ನಮ್ಮವರು ಫ್ರಿಜ್ಜಿನ ಹಿಂದೆ ಸುತ್ತಿದವರು," ಅನ್ನುವಳು. ಅವಳು ಅದನ್ನು ಬೈದು ಹೇಳುತ್ತಿರಲಿಲ್ಲ, ಸುಮ್ಮನೆ ಹೇಳುತ್ತಿದ್ದಳು. ಅದೇ ಫ್ರಿಜ್ಜಣ್ಣನಿಗೆ ಹೆಚ್ಚು ನೋಯುತ್ತಿತ್ತು. ಸಾಯುವುದರೊಳಗೆ ಒಂದೇ ಒಂದು ಸಲ ಷಡ್ಡಕರು ಬಾಯಿ ಮುಚ್ಚಿ ಕೂರಬೇಕು, ಹೆಂಡತಿ ತನ್ನ ಕಡೆ ತಿರುಗಿ ನೋಡಬೇಕು ಅನ್ನುವುದು ಅವನ ಆಸೆ.

ಶನಿವಾರ ಷಡ್ಡಕರ ಫೋನು ಬಂತು.

"ನಾಳೆ ನಿಮ್ಮ ಕಡೆ ಬರ್ತಾ ಇದೀವಿ ಕಣಪ್ಪ. ಊಟಕ್ಕೆ ಏನೂ ತೊಂದ್ರೆ ತಗೋಬೇಡಿ. ಬೇಕಾದ್ರೆ ಆ ಮೂಲೆ ಹೋಟೆಲಿಂದ ಕಿತ್ತಳೆ ಕೋಳಿ ತರಿಸ್ಬಿಡಿ. ಚೀನಾದೋರು ನೋಡಿದ್ರೆ ಅತ್ತುಬಿಡ್ತಾರೆ, ಆದ್ರೂ ಪರವಾಗಿಲ್ಲ."

ಫ್ರಿಜ್ಜಣ್ಣನ ಬಾಯಿ ಅವನ ಅಪ್ಪಣೆ ಕಾಯದೆ ಮಾತಾಡಿಬಿಟ್ಟಿತು. "ಬನ್ನಿ ಭಾವ. ನಾಳೆ ನಿಮಗೆ ಅಸಲಿ ಚೀನಾ ಊಟ ಹಾಕಿಸ್ತೀನಿ. ನೀವಲ್ಲಿ ತಿಂದಿದ್ರಲ್ಲ, ಅದೇ."

ಆ ಕಡೆ ಷಡ್ಡಕರು ಎರಡು ಸಲ ಕೆಮ್ಮಿದರು. ಹಾಗಾದ್ರೆ ಸರಿ ಅಂದು ಫೋನು ಇಟ್ಟರು.

ಫೋನಿನಲ್ಲಿ ಆಡಿದ ಮಾತು ಮೆಟ್ಟಿಲ ಮೇಲೂ ಕೇಳಿಸುವಂಥ ಕಟ್ಟಡ ಅದು. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತಟ್ಟಿದ್ದು ಮೇಲಿನ ಮನೆಯ ನಿವೃತ್ತ ಮೇಷ್ಟ್ರು. ಇಸ್ತ್ರಿ ಹಾಕಿದ ಅಂಗಿ, ಜೇಬಿನಲ್ಲಿ ಪುಟ್ಟ ನೋಟ್‌ಬುಕ್ಕು.

"ಅಸಲಿ ಚೀನಾ ಊಟ ಅಂತ ಕಿವಿಗೆ ಬಿತ್ತು. ಜ್ಞಾನಾರ್ಜನೆಗೆ ಅಂತ ಬರ್ತಾ ಇದೀನಿ, ಹೊಟ್ಟೆಗಲ್ಲ."

ಅವರ ಬೆನ್ನಿಗೇ ಎದುರು ಮನೆಯ ಟೈಲರಮ್ಮ. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. "ನಾನು ಹೊಟ್ಟೆಗೇ ಬರ್ತಾ ಇರೋದು. ಎಷ್ಟು ಗಂಟೆಗೆ?" ಅಂದಳು.

ಇಲ್ಲ ಅನ್ನುವುದು ಫ್ರಿಜ್ಜಣ್ಣನ ಜಾತಕದಲ್ಲೇ ಇರಲಿಲ್ಲ. ಹತ್ತು ಗಂಟೆಗೆ ಹೋಟೆಲಿಗೆ ಓಡಿದ. ಆರು ಜನಕ್ಕೆ ಆ ಗುರುವಾರದ ಊಟ ಬೇಕು ಅಂದ. ಸೊಸೆ ಅಜ್ಜಿಗೆ ಹೇಳಿದಳು. ಅಜ್ಜಿ ತಲೆಯನ್ನೂ ಎತ್ತದೆ ಏನೋ ಅಂದಳು.

"ಆ ಮೇಜಿನ ಊಟ ಮಾರೋದಿಲ್ವಂತೆ," ಅಂದಳು ಸೊಸೆ. "ಅವತ್ತು ಯಾರು ಈ ಅಡುಗೆಮನೇಲಿ ಕೆಲಸ ಮಾಡ್ತಾರೋ ಅವರಿಗೆ ಮಾತ್ರ ಅದು. ಗುರುವಾರ ನೀವು ಫ್ರೀಜರ್ ಮಾಡಿದ್ರಿ, ತಿಂದ್ರಿ. ಇವತ್ತು ಬೇಕಾದ್ರೆ ಮುಂದೆ ಕೂತ್ಕೊಳ್ಳಿ, ಕಿತ್ತಳೆ ಕೋಳಿ ಕೊಡ್ತೀವಿ."

ಫ್ರಿಜ್ಜಣ್ಣನ ಮುಖ ಕರೆಂಟು ಹೋದ ಫ್ರಿಜ್ಜಿನ ಹಾಗಾಯಿತು. ಷಡ್ಡಕರ ಮುಂದೆ ಕಿತ್ತಳೆ ಕೋಳಿಯ ತಟ್ಟೆ ಇಡುವ ದೃಶ್ಯ ಕಣ್ಣಿಗೆ ಕಟ್ಟಿತು. ಇನ್ನೂ ಹನ್ನೊಂದು ವರ್ಷ ಅದನ್ನೇ ಕೇಳಬೇಕು.

"ಅಮ್ಮಾ, ಹಾಗಾದ್ರೆ ಎಲ್ಲರೂ ಕೆಲಸ ಮಾಡ್ತೀವಿ," ಅಂದುಬಿಟ್ಟ.

ಅಜ್ಜಿ ಈಗ ತಲೆ ಎತ್ತಿದಳು. ಕೆಲಸದವರಿಬ್ಬರೂ ಅವತ್ತು ರಜೆ ಹಾಕಿದ್ದರು. ಸಂಜೆ ಯಾವುದೋ ಔತಣಕ್ಕೆ ನಾನೂರು ಡಂಪ್ಲಿಂಗ್ ಕೊಡಬೇಕಿತ್ತು. ಹಿಟ್ಟಿನ ತೆಳು ಹಾಳೆಯಲ್ಲಿ ಹೂರಣ ತುಂಬಿ, ನೆರಿಗೆ ಹಿಡಿದು ಮುಚ್ಚುವ ನಾನೂರು ಪುಟ್ಟ ಗಂಟುಗಳು. ಅಜ್ಜಿ ಬೆರಳು ಮಡಿಸಿ ಲೆಕ್ಕ ಹಾಕಿ ಸೊಸೆಗೆ ಹೇಳಿದಳು.

"ಆರು ಜನ ಅಂದ್ರೆ ಹನ್ನೆರಡು ಕೈ. ಒಂದು ಗಂಟೆಗೆ ಕರ್ಕೊಂಡ್ ಬನ್ನಿ ಅಂತಾರೆ."

ಹೆಂಡತಿ ಸೊಪ್ಪು ತೊಳೆಯುತ್ತಾಳೆ, ಟೈಲರಮ್ಮ ಯಾವುದಕ್ಕೂ ಸೈ, ಮೇಷ್ಟ್ರನ್ನು ಜ್ಞಾನಾರ್ಜನೆ ಅಂದರೆ ಬಾವಿಗೂ ಇಳಿಸಬಹುದು. ಆದರೆ ಷಡ್ಡಕರು? ಹನ್ನೆರಡೂವರೆಗೆ ಅವರು ಬಂದದ್ದೂ ಹಾಲಿನಂಥ ಬಿಳಿ ಅಂಗಿಯಲ್ಲಿ, ಸೆಂಟಿನ ಘಮಲಿನಲ್ಲಿ. ಈ ಮನುಷ್ಯ ತನ್ನ ಮನೆಯಲ್ಲಿ ನೀರನ್ನೂ ಬಗ್ಗಿಸಿಕೊಂಡು ಕುಡಿದವರಲ್ಲ. ಫ್ರಿಜ್ಜಣ್ಣ ಮೆಟ್ಟಿಲಿಳಿಯುತ್ತಾ ಬೆವರಿದ. ಬೆವರಿನಲ್ಲೇ ಉಪಾಯವೂ ಇಳಿದು ಬಂತು.

"ಭಾವ, ಊಟಕ್ಕೆ ಮುಂಚೆ ಅತಿಥಿಗಳೆಲ್ಲ ಅಡುಗೆಮನೆಗೆ ಹೋಗಿ ಕೈಜೋಡಿಸ್ಬೇಕಂತೆ. ಅವರ ಪದ್ಧತಿ. ನಾನು ಹೇಳೋದೇನು, ನಿಮಗೆ ಗೊತ್ತಿರತ್ತೆ."

ಷಡ್ಡಕರ ಹೆಜ್ಜೆ ತಡವರಿಸಿತು. ಹೆಂಡತಿ, ಅವಳ ಅಕ್ಕ, ಮೇಷ್ಟ್ರು, ಟೈಲರಮ್ಮ ನಾಲ್ಕೂ ಜನ ಅವರ ಮುಖವನ್ನೇ ನೋಡಿದರು.

"ಗೊತ್ತಿಲ್ದೆ ಏನು," ಅಂದರು ಷಡ್ಡಕರು. "ಅಲ್ಲಿ ಎಂಟೂ ದಿನ ಅದೇ ತಾನೇ ನಾನು ಮಾಡಿದ್ದು."

"ಮನೇಲಿ ಒಂದ್ ಲೋಟ ತೊಳೆದಿದ್ದು ನಾನು ಕಾಣೆ," ಅಂದಳು ಅಕ್ಕ.

"ಅದು ಬೇರೆ, ಇದು ಬೇರೆ."

ಅಜ್ಜಿ ಬಾಗಿಲಲ್ಲೇ ಎಲ್ಲರಿಗೂ ಏಪ್ರನ್ ಕಟ್ಟಿಸಿದಳು. ಈ ಸಾಹೇಬರು ಚೀನಾಕ್ಕೆ ಹೋಗಿ ಬಂದವರು ಅಂತ ಸೊಸೆ ಹೇಳಿದ್ದೇ ತಡ, ಅಜ್ಜಿಯ ಮುಖ ಅರಳಿ, ಷಡ್ಡಕರ ಜೊತೆ ತನ್ನ ಭಾಷೆಯಲ್ಲಿ ಸರಾಗ ಮಾತಿಗೆ ತೊಡಗಿದಳು. ಷಡ್ಡಕರು ಗಂಭೀರವಾಗಿ ಹೂಂ ಅಂದರು. ಅಜ್ಜಿ ಅವರ ಮುಂದೆ ಒಂದು ಬುಟ್ಟಿ ಬೆಳ್ಳುಳ್ಳಿ ಇಟ್ಟಳು. ಮತ್ತೆ ಏನೋ ಕೇಳಿದಳು. ಷಡ್ಡಕರು ನಗುತ್ತಾ ಹೂಂ ಅಂದರು. ಎರಡನೇ ಬುಟ್ಟಿ ಬಂತು. ಮೂರನೇ ಸಲ ಕೈ ಮುಗಿದು ಹೂಂ ಅಂದಾಗ ಒಂದು ಇಡೀ ಚೀಲವೇ ಬಂತು.

"ಏನಂತಮ್ಮ ಅವರು?" ಅಂತ ಷಡ್ಡಕರು ಸೊಸೆಯನ್ನು ಗುಟ್ಟಾಗಿ ಕೇಳಿದರು.

"ಇನ್ನೂ ಸುಲೀತೀರಾ ಅಂತ ಕೇಳ್ತಾ ಇದ್ರು. ಇಷ್ಟು ಹುರುಪಿನ ಗಂಡಸನ್ನ ಕಂಡೇ ಇಲ್ವಂತೆ."

ಷಡ್ಡಕರು ತೋಳು ಮಡಿಸಿ ಕೂತರು. ಮೊದಲರ್ಧ ಗಂಟೆ ಉಗುರು ಉರಿ ಅಂದರು, ಕಣ್ಣು ಉರಿ ಅಂದರು. ಆಮೇಲೆ ಅಜ್ಜಿ ಬಂದು, ಅಗಲ ಕತ್ತಿಯನ್ನು ಎಸಳಿನ ಮೇಲೆ ಅಡ್ಡ ಇಟ್ಟು ಒಂದು ಗುದ್ದು ಕೊಟ್ಟು, ಸಿಪ್ಪೆ ತಾನೇ ಬಿಚ್ಚಿಕೊಳ್ಳುವ ಕೈಚಳಕ ತೋರಿಸಿಕೊಟ್ಟಳು. ಷಡ್ಡಕರಿಗೆ ಅದು ಎಷ್ಟು ಹಿಡಿಸಿತೆಂದರೆ ಟಪ್ ಟಪ್ ಅಂತ ಗುದ್ದುತ್ತಾ ಸಣ್ಣಗೆ ಶಿಳ್ಳೆ ಹೊಡೆಯತೊಡಗಿದರು.

ಮೇಷ್ಟ್ರು ಹುರುಳಿಕಾಯಿಯ ನಾರು ತೆಗೆದು, ಎಲ್ಲವೂ ಸರಿಯಾಗಿ ಮೂರು ಅಂಗುಲ ಇರುವಂತೆ ಮುರಿದು, ಉದ್ದವಾದದ್ದನ್ನು ಬೈದು ಬದಿಗಿಟ್ಟರು. ಅಕ್ಕ ಹಿಟ್ಟು ಲಟ್ಟಿಸಿದಳು. ಟೈಲರಮ್ಮ ಮೊದಲ ಡಂಪ್ಲಿಂಗಿಗೆ ಹದಿನಾಲ್ಕು ನೆರಿಗೆ ಹಿಡಿದು, ಎರಡನೆಯದಕ್ಕೆ ಹದಿನೆಂಟು ಹಿಡಿದಾಗ, ಒಲೆಯ ಬಳಿಯಿದ್ದ ಮಗ ಸೌಟು ಬಿಟ್ಟು ನೋಡಲು ಬಂದ. "ಲಂಗಕ್ಕೆ ಇದಕ್ಕಿಂತ ಕಷ್ಟ," ಅಂದಳು ಟೈಲರಮ್ಮ. ಹೆಂಡತಿ ಮೂರು ನೀರಿನಲ್ಲಿ ಸೊಪ್ಪು ತೊಳೆದು ಅಜ್ಜಿಯ ಕೈಲಿ ಬೆನ್ನು ತಟ್ಟಿಸಿಕೊಂಡಳು.

ಎಡವಟ್ಟಾದದ್ದು ಫ್ರಿಜ್ಜಣ್ಣನದೊಂದೇ. ಮೀನಿನ ಪೊರೆ ಕೆರೆಯುವ ಕೆಲಸ ಕೊಟ್ಟಿದ್ದರು. ಮೀನು ಅವನ ಕೈಯಿಂದ ಜಾರಿ, ನೆಲದ ಮೇಲೆ ಸುಯ್ಯನೆ ಸಾಗಿ, ಒಲೆಯ ಕೆಳಗೆ ಸೇರಿಕೊಂಡಿತು. ಅದನ್ನು ಹಿಡಿಯಲು ಮಲಗಿದವನು ಮೇಲೇಳುವಾಗ ಸೋಯಾ ಸಾಸಿನ ಡಬ್ಬಕ್ಕೆ ತಲೆ ಹೊಡೆಸಿಕೊಂಡ. ಅಜ್ಜಿ ಅವನ ಕೈಯಿಂದ ಚಾಕು ಕಿತ್ತುಕೊಂಡು ಫ್ರೀಜರಿನತ್ತ ಬೆರಳು ತೋರಿಸಿದಳು. ಅವನು ತೆಪ್ಪಗೆ ಹೋಗಿ ಅದರ ಬೆನ್ನ ಹಿಂದಿನ ಕೊಳವೆಗಳ ಧೂಳು ಒರೆಸಿದ, ಬಾಗಿಲಿನ ರಬ್ಬರು ಬಿಗಿ ಮಾಡಿದ.

ಮೂರೂವರೆಗೆ ಶಟರ್ ಇಳಿಯಿತು. ಎಲ್ಲರೂ ದುಂಡು ಮೇಜಿಗೆ ಕೂತರು.

ಆ ಊಟವನ್ನು ಏನಂತ ಹೇಳುವುದು. ಮೀನಿನ ಮೇಲೆ ಎಣ್ಣೆ ಬಿದ್ದಾಗ ಮೇಷ್ಟ್ರ ಕನ್ನಡಕಕ್ಕೆ ಹಬೆ ಕಟ್ಟಿತು, ಅವರು ಒರೆಸಿಕೊಳ್ಳದೆ ಅಂದಾಜಿನಲ್ಲೇ ಕೈ ಹಾಕಿದರು. ತಾನೇ ಮುರಿದ ಹುರುಳಿಕಾಯಿ ಒಣಮೆಣಸಿನ ಜೊತೆ ಸುಕ್ಕುಸುಕ್ಕಾಗಿ ಬಂದಾಗ ಗುರುತು ಹಿಡಿದು ಹೆಮ್ಮೆಪಟ್ಟರು. ಟೈಲರಮ್ಮ ತನ್ನ ಡಂಪ್ಲಿಂಗನ್ನು ಕಪ್ಪು ವಿನೆಗರಿನಲ್ಲಿ ಅದ್ದಿ ಬಾಯಿಗಿಟ್ಟು, ಒಳಗಿಂದ ಬಿಸಿ ರಸ ಚಿಮ್ಮಿದ್ದಕ್ಕೆ ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ತೆಗೆದುಕೊಂಡಳು. ಅಕ್ಕ, ಬೆಳ್ಳುಳ್ಳಿಯಲ್ಲಿ ಬಾಡಿಸಿದ ಸೊಪ್ಪಿನ ತಟ್ಟೆಯನ್ನೇ ತನ್ನ ಕಡೆ ಎಳೆದುಕೊಂಡಳು. ಫ್ರಿಜ್ಜಣ್ಣನ ಹೆಂಡತಿ ತೋಫು ಬಾಯಿಗಿಟ್ಟು, ಬೆರಳಲ್ಲಿ ತುಟಿ ಮುಟ್ಟಿ ನೋಡಿಕೊಂಡಳು.

"ರೀ, ತುಟಿ ಜುಮ್ ಅಂತಿದೆ."

"ಅದೇ ಮಜಾ ಕಣೇ. ಇನ್ನೊಂದ್ ತುತ್ತು ತಿನ್ನು."

ಅವಳು ತಿಂದಳು. ಆಮೇಲೆ ಗಂಡನತ್ತ ತಿರುಗಿ ನೋಡಿದಳು. ಮದುವೆಯಾದ ಹೊಸದರಲ್ಲಿ, ಸುಟ್ಟುಹೋದ ಮಿಕ್ಸಿಯನ್ನು ಅವನು ಐದು ನಿಮಿಷದಲ್ಲಿ ಓಡಿಸಿ ತೋರಿಸಿದಾಗ ನೋಡಿದ್ದಳಲ್ಲ, ಹಾಗೆ. "ಇದನ್ನೆಲ್ಲ ನೀವು ಕಂಡುಹಿಡಿದ್ರಾ?" ಅಂದಳು. ಫ್ರಿಜ್ಜಣ್ಣನಿಗೆ ಖುಷಿಯಲ್ಲಿ ಕಿವಿ ಕೆಂಪಾಯಿತು. ಇಪ್ಪತ್ತು ವರ್ಷದ ದುಡಿಮೆಯಲ್ಲಿ ಅಂಥ ಗಳಿಗೆ ಅವನಿಗೆ ಸಿಕ್ಕಿರಲಿಲ್ಲ.

ಷಡ್ಡಕರು ಇನ್ನೂ ಒಂದು ತುತ್ತೂ ತಿಂದಿರಲಿಲ್ಲ. ಅವರ ಕೈಯ ಊಟದ ಕಡ್ಡಿಗಳು ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ ತಿರುಗಿದ್ದವು. ಅಜ್ಜಿ ಎದ್ದು ಬಂದು ತಾನೇ ಒಂದು ತುಂಡು ಮೀನು, ಒಂದು ಚಮಚ ತೋಫು ಅವರ ಬಟ್ಟಲಿಗೆ ಹಾಕಿ, ಚಮಚ ಕೊಟ್ಟಳು. ಅವರು ತಿಂದರು. ಇನ್ನೊಂದು ಚಮಚ ತಿಂದರು. ಮುಖ ಒಂದು ಥರ ಆಯಿತು. ಕೈ ತೊಳೆಯುವ ನೆಪ ಹೇಳಿ ಎದ್ದು ಹೋದರು.

ಫ್ರಿಜ್ಜಣ್ಣ ಗೆದ್ದ ಖುಷಿಯಲ್ಲಿ ಹಿಂದೆಯೇ ಹೋದ. ಷಡ್ಡಕರು ನಲ್ಲಿ ಬಿಟ್ಟುಕೊಂಡು ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು, ಬೆಳ್ಳುಳ್ಳಿಯಿಂದಲ್ಲ.

"ಹೇಗಿದೆ ಭಾವ? ಅಲ್ಲಿನ ಹಾಗೇ ಇದೆಯಾ?"

"ನಾನು ತಿಂದಿಲ್ಲ ಕಣಪ್ಪ."

"ಏನು?"

"ಅಲ್ಲಿ. ಎಂಟು ದಿನ. ಏನೂ ತಿಂದಿಲ್ಲ. ಭಾಷೆ ಬರ್ತಿರ್ಲಿಲ್ಲ, ಏನ್ ಕೊಟ್ಬಿಡ್ತಾರೋ ಅಂತ ಭಯ. ನಿಮ್ಮಕ್ಕ ಕಟ್ಟಿದ್ದ ಬಿಸ್ಕತ್ತು, ಬ್ರೆಡ್ಡು, ಜಾಮು. ರೂಮಲ್ಲಿ ಬಾಗಿಲು ಹಾಕ್ಕೊಂಡು ಅದನ್ನೇ ತಿಂದೆ. ಕಿಟಕಿ ಕೆಳಗೇ ಒಂದ್ ಸಾಲು ಅಂಗಡಿ, ಇದೇ ವಾಸನೆ ಮೇಲಕ್ಕೆ ಬರ್ತಿತ್ತು. ಹತ್ತು ಹೆಜ್ಜೆ ಇಳಿದಿದ್ರೆ ಸಿಗ್ತಿತ್ತು. ಇಳೀಲಿಲ್ಲ." ಮೂಗು ಒರೆಸಿಕೊಂಡರು. "ಹನ್ನೊಂದು ವರ್ಷ ಆಯ್ತಪ್ಪ, ಇವತ್ತು ನಿನ್ನಿಂದ ಇಳಿದೆ."

ಈ ಮಾತಿಗಾಗಿ ಫ್ರಿಜ್ಜಣ್ಣ ಎಷ್ಟು ವರ್ಷ ಹಲ್ಲು ಕಚ್ಚಿ ಕಾದಿದ್ದನೋ. ಸಿಕ್ಕಾಗ ಅವನ ಹೊಟ್ಟೆಯುರಿಯೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಪಾಪ ಅನ್ನಿಸಿತು.

"ಹೋಗಲಿ ಬಿಡಿ ಭಾವ. ನಿಮ್ಮಾಣೆಗೂ ಯಾರಿಗೂ ಹೇಳಲ್ಲ."

"ನಿನ್ನ ಹೆಂಡ್ತಿಗೂ?"

"ಅವಳಿಗೂ ಇಲ್ಲ."

ಷಡ್ಡಕರು ಅವನನ್ನು ಗಟ್ಟಿಯಾಗಿ ಅಪ್ಪಿಕೊಂಡರು. ಫ್ರಿಜ್ಜಣ್ಣನ ಅಂಗಿ ತುಂಬ ಬೆಳ್ಳುಳ್ಳಿ ವಾಸನೆಯಾಯಿತು. ಗೆಲುವೂ ಆಯಿತು, ದೊಡ್ಡತನವೂ ಆಯಿತು ಅಂದುಕೊಂಡು ಅವನು ಎದೆ ಉಬ್ಬಿಸಿ ಮೇಜಿಗೆ ವಾಪಸು ಬಂದ.

ಆಣೆಯ ಬಲ ಸಿಕ್ಕ ಷಡ್ಡಕರು ಬೇರೆಯೇ ಮನುಷ್ಯರಾಗಿ ಬಂದಿದ್ದರು. ಕುರ್ಚಿ ಎಳೆದುಕೊಂಡು, ಕಣ್ಣು ಮುಚ್ಚದೆ, ನಿಟ್ಟುಸಿರು ಬಿಡದೆ ಶುರು ಮಾಡಿದರು.

"ಈ ತೋಫು ಇದೆಯಲ್ಲ, ಮೊದಲು ಖಾರ ಬರತ್ತೆ, ಜುಮ್ ಅನ್ನೋದು ಹಿಂದಿನಿಂದ. ಅಲ್ಲಿ ನಾನು ದಿನಾ ತಿಂತಿದ್ದಿದ್ದು ಇದನ್ನೇ. ಮೀನಿಗೆ ಎಣ್ಣೆ ಹೊಯ್ಯೋದು ಕೊನೇಗಳಿಗೇಲಿ, ಅದೇ ಗುಟ್ಟು. ಬೆಳ್ಳುಳ್ಳಿ ಸುಲೀಬಾರ್ದು, ಗುದ್ದಬೇಕು."

ಮೇಷ್ಟ್ರು ಬರೆದುಕೊಂಡರು. "ಇಷ್ಟು ವರ್ಷ ಬಾಯಲ್ಲಿ ಹೇಳೋಕಾಗಲ್ಲ ಅಂತಿದ್ರಲ್ಲ ಭಾವ," ಅಂದಳು ಫ್ರಿಜ್ಜಣ್ಣನ ಹೆಂಡತಿ, ಬಾಯಿ ಬಿಟ್ಟುಕೊಂಡು.

"ಕಣ್ಣೆದುರಿಗೆ ಇದ್ರೆ ಹೇಳಬಹುದಮ್ಮ. ಅದಕ್ಕೇ ಇವನನ್ನ ಇಲ್ಲಿಗೆ ಕರ್ಕೊಂಡ್ ಬಂದೆ."

ಫ್ರಿಜ್ಜಣ್ಣ ಬಾಯಿ ತೆರೆದ. ಆಣೆ ನೆನಪಾಯಿತು. ತೆರೆದ ಬಾಯಿಗೆ ಒಂದು ಡಂಪ್ಲಿಂಗ್ ಹಾಕಿಕೊಂಡು ಮುಚ್ಚಿದ. ಇರಲಿ, ಊಟವಂತೂ ತನ್ನದು. ಇನ್ನು ವಾರ ವಾರ ಬರಬಹುದಲ್ಲ ಅಂತ ಸಮಾಧಾನ ಮಾಡಿಕೊಂಡ.

ಅಷ್ಟರಲ್ಲಿ ಅಜ್ಜಿ ಎದ್ದು ನಿಂತು ಒಬ್ಬೊಬ್ಬರನ್ನೇ ಬೆರಳಿಟ್ಟು ತೋರಿಸುತ್ತಾ ಮಾತಾಡಿದಳು. ಸೊಸೆ ನಗುತ್ತಾ ಹೇಳಿದಳು. "ಭಾನುವಾರ ಭಾನುವಾರ ನಮಗೆ ಆಳು ಸಿಗಲ್ಲ. ನೆರಿಗೆ ಹಿಡಿಯೋಕೆ ಟೈಲರಮ್ಮ, ಹುರುಳಿಕಾಯಿಗೆ ಮೇಷ್ಟ್ರು, ಹಿಟ್ಟಿಗೆ ದೊಡ್ಡಕ್ಕ, ಸೊಪ್ಪಿಗೆ ಚಿಕ್ಕಕ್ಕ, ಬೆಳ್ಳುಳ್ಳಿಗೆ ಸಾಹೇಬ್ರು. ಪ್ರತಿ ವಾರ ಬನ್ನಿ, ಪ್ರತಿ ವಾರ ಈ ಮೇಜಲ್ಲಿ ಊಟ ಅಂತ ನಮ್ಮತ್ತೆ ಹೇಳ್ತಾ ಇದಾರೆ."

ಮೇಜಿನ ಸುತ್ತ ಹರ್ಷೋದ್ಗಾರವಾಯಿತು. ಷಡ್ಡಕರು ಕತ್ತಿಯನ್ನು ಎತ್ತಿ ಹಿಡಿದು ತೋರಿಸಿದರು. ಅಜ್ಜಿ ಆಮೇಲೆ ಫ್ರಿಜ್ಜಣ್ಣನನ್ನು ನೋಡಿ ಏನೋ ಕೇಳಿದಳು.

"ಫ್ರೀಜರ್ ಇನ್ನು ಎಷ್ಟು ದಿನ ತೊಂದ್ರೆ ಕೊಡದೆ ಓಡತ್ತೆ ಅಂತ ಕೇಳ್ತಿದಾರೆ."

ತನ್ನ ಕಸುಬಿನ ಮಾತು ಬಂದದ್ದೇ ಫ್ರಿಜ್ಜಣ್ಣನ ಬೆನ್ನು ನೆಟ್ಟಗಾಯಿತು. ಹೆಂಡತಿ ನೋಡುತ್ತಿದ್ದಳು. "ದಿನಾನಾ?" ಅಂತ ನಕ್ಕ. "ನಾನು ಕೈ ಇಟ್ಟ ಮೆಷಿನ್ನು ಅದು. ಇವತ್ತು ರಬ್ಬರೂ ಬಿಗಿ ಮಾಡಿದೀನಿ. ಐದು ವರ್ಷ ಯಾರೂ ಮುಟ್ಟೋ ಹಾಗಿಲ್ಲ ಅಂತ ಹೇಳಿ."

ಸೊಸೆ ಹೇಳಿದಳು. ಅಜ್ಜಿಗೆ ಬಹಳ ಸಂತೋಷವಾಯಿತು. ಎದ್ದು ಬಂದು ಅವನ ಎರಡೂ ಕೈ ಹಿಡಿದು ಕುಲುಕಿ ಒಂದು ಮಾತು ಹೇಳಿದಳು.

"ಏನಂತೆ?"

"ಹಾಗಾದ್ರೆ ಐದು ವರ್ಷ ಬಿಟ್ಟು ಊಟಕ್ಕೆ ಬನ್ನಿ ಅಂತಾರೆ."

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಫ್ರೀಜರ್ ಮೂಲೆಯಲ್ಲಿ ಒಂದಿಷ್ಟೂ ತಡವರಿಸದೆ, ಎಳೆ ಮಗುವಿನ ನಿದ್ದೆಯ ಹಾಗೆ, ಒಂದೇ ಸಮ ಓಡುತ್ತಿತ್ತು. ತಾನು ಮಾಡಿದ ಕೆಲಸ ಇಷ್ಟು ಚೆನ್ನಾಗಿರಬಾರದಿತ್ತು ಅಂತ ಫ್ರಿಜ್ಜಣ್ಣನಿಗೆ ಜನ್ಮದಲ್ಲಿ ಮೊದಲ ಸಲ ಅನ್ನಿಸಿತು.

ಷಡ್ಡಕರು ಪಕ್ಕಕ್ಕೆ ಬಂದು ಅವನ ಹೆಗಲ ಮೇಲೆ ಕೈ ಹಾಕಿದರು. ಈ ಸಲ ಅವರು ಹೇಳಿದ್ದರಲ್ಲಿ ಸುಳ್ಳಿನ ಸೋಂಕೂ ಇರಲಿಲ್ಲ.

"ನೀನೇನೂ ಯೋಚನೆ ಮಾಡ್ಬೇಡಪ್ಪ. ಪ್ರತಿ ಭಾನುವಾರ ಇಲ್ಲಿ ಊಟ ಮುಗಿಸಿ ಸೀದಾ ನಿಮ್ಮನೆಗೇ ಬರ್ತೀನಿ. ಏನೇನ್ ತಿಂದ್ವಿ ಅಂತ ಒಂದೂ ಬಿಡದೆ ನಿನಗೆ ಹೇಳ್ತೀನಿ."